ಗುಂಜನ್ ಸಕ್ಸೇನಾ: ಕಾರ್ಗಿಲ್ ಆದ ಮೇಲಿನ ಐದು ವರ್ಷ

ಶರಣ್ ಶರ್ಮಾ ನಿರ್ದೇಶನದ ‘ಗುಂಜನ್ ಸಕ್ಸೇನಾ: ದ ಕಾರ್ಗಿಲ್ ಗರ್ಲ್’ 2020ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಎದ್ದ ಗದ್ದಲವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ವಾಯುಪಡೆಯ ಗಂಡಸರು ನಿಜಕ್ಕೂ ಅಷ್ಟು ಕೆಟ್ಟದಾಗಿ ನಡೆದುಕೊಂಡಿದ್ದರೇ? ವಾಯುಪಡೆ ಸೆನ್ಸಾರ್ ಮಂಡಳಿಗೆ ಪತ್ರ ಬರೆದು ಆಕ್ಷೇಪಿಸಿತು. ವಿಷಯ ದೆಹಲಿ ಹೈಕೋರ್ಟಿಗೂ ಹೋಯಿತು. ಉಧಂಪುರದಲ್ಲಿ ಗುಂಜನ್ ಜೊತೆಗೇ ಇದ್ದ ಮಹಿಳಾ ಪೈಲಟ್ ಶ್ರೀವಿದ್ಯಾ ರಾಜನ್, ಚಿತ್ರದಲ್ಲಿ ತೋರಿಸಿರುವಂಥ ಪಂಜ ಕುಸ್ತಿ ನಡೆದೇ ಇಲ್ಲ ಎಂದರು. ವಾಯುಪಡೆ ತನಗೆ ಸಮಾನ ಅವಕಾಶ ಕೊಟ್ಟಿತ್ತು ಎಂದು ಸ್ವತಃ ಗುಂಜನ್ ಹೇಳಿಕೊಂಡರು.

ನನ್ನ ತಕರಾರು ಬೇರೆಯದು. ಚಿತ್ರ ಅನ್ಯಾಯವನ್ನು ಹಿಗ್ಗಿಸಿತು ಎನ್ನುವುದಕ್ಕಿಂತ, ನಿಜವಾದ ಅನ್ಯಾಯ ಎಲ್ಲಿತ್ತೋ ಆ ಕಡೆ ನೋಡಲೇ ಇಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡಬೇಕು. ಪಂಕಜ್ ತ್ರಿಪಾಠಿ ಮಾಡಿರುವ ಅಪ್ಪನ ಪಾತ್ರ ಈ ಚಿತ್ರದ ಜೀವ. ತನಗೆ ಬೇಕಿರುವುದು ಬರೀ ಹಾರಾಟ, ಹೀಗಿರುವಾಗ ಸೇನೆ ಸೇರುವುದು ದೇಶಕ್ಕೆ ಮಾಡುವ ಮೋಸವಲ್ಲವೇ ಎಂದು ಮಗಳು ಕೇಳುತ್ತಾಳೆ. ಮಾಡುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡು, ಮೋಸದ ಮಾತೇ ಬರುವುದಿಲ್ಲ ಎನ್ನುವ ಅರ್ಥದಲ್ಲಿ ಅಪ್ಪ ಉತ್ತರಿಸುತ್ತಾನೆ. ದನಿ ಏರುವುದಿಲ್ಲ, ಬಾವುಟ ಕಾಣುವುದಿಲ್ಲ. ನಮ್ಮ ಯುದ್ಧಚಿತ್ರಗಳಲ್ಲಿ ದೇಶಪ್ರೇಮದ ಬಗ್ಗೆ ಇಷ್ಟು ಮೆತ್ತಗೆ ಮಾತಾಡಿದ್ದು ಅಪರೂಪ.

ಆದರೆ ಹಾರಾಟದ ಬಗ್ಗೆ ಚಿತ್ರಕ್ಕೆ ಅಷ್ಟು ಕುತೂಹಲವಿಲ್ಲ. ಗುಂಜನ್ ಹಾರಿಸಿದ್ದು ಚೀತಾ. ಫ್ರೆಂಚ್ ವಿನ್ಯಾಸ, ತಯಾರಾದದ್ದು ನಮ್ಮ ಬೆಂಗಳೂರಿನ ಎಚ್ಎಎಲ್‌ನಲ್ಲಿ. ಒಂದೇ ಎಂಜಿನ್ನಿನ ಸಣ್ಣ ಹೆಲಿಕಾಪ್ಟರ್. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗಿ ರೆಕ್ಕೆಗಳಿಗೆ ಸಿಗುವ ಎತ್ತುವ ಬಲ ಕುಗ್ಗುತ್ತದೆ. ಇಂಧನ ಎಷ್ಟು, ಗಾಯಾಳು ಎಷ್ಟು ಜನ ಎಂಬ ಲೆಕ್ಕದಲ್ಲಿ ಸ್ವಲ್ಪ ತಪ್ಪಿದರೂ ಬೆಟ್ಟದ ಮೇಲಿಂದ ಏಳುವುದು ಕಷ್ಟ. 1999ರಲ್ಲಿ ಇದರ ಜೊತೆಗೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳೂ ಇದ್ದವು. ಮೇ 28ರಂದು ಒಂದು ಎಂಐ-17 ಹಾಗೆಯೇ ಉರುಳಿತು. ಸಾಮಾನು ಇಳಿಸುವುದು, ಶತ್ರುವಿನ ನೆಲೆ ಪತ್ತೆ ಮಾಡುವುದು, ಗಾಯಾಳುಗಳನ್ನು ತರುವುದು: ಕಾರ್ಗಿಲ್‌ನಲ್ಲಿ ಚೀತಾದ ಕೆಲಸ ಇದು. ಇದರಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ಲೆಕ್ಕ ಮತ್ತು ತಾಳ್ಮೆ. ಪಂಜ ಕುಸ್ತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಚಿತ್ರಕ್ಕೆ ಮಾತ್ರ ಕೊನೆಗೊಂದು ಸಾಹಸ ಬೇಕು, ಮೊದಲು ಅವಮಾನ ಮಾಡಿದವರು ಚಪ್ಪಾಳೆ ತಟ್ಟಬೇಕು.

ಕಥೆ ಕಾರ್ಗಿಲ್‌ಗೆ ಮುಗಿಯುತ್ತದೆ. ಅವರ ವೃತ್ತಿ ಮುಗಿದದ್ದು 2004ರಲ್ಲಿ, 8 ವರ್ಷದ ಸೇವೆಯ ನಂತರ. ಆಗ ವಯಸ್ಸು ಇನ್ನೂ ಮೂವತ್ತು ಆಗಿರಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಇದ್ದದ್ದು ಅಲ್ಪಾವಧಿ ಕಮಿಷನ್ ಮಾತ್ರ. ಖಾಯಂ ಕಮಿಷನ್ ಗಂಡಸರದ್ದು. ಇಲ್ಲಿ ಯಾರೂ ಕಿರುಚುವುದಿಲ್ಲ, ಬಾಗಿಲು ಮುಚ್ಚಿ ನಗುವುದಿಲ್ಲ, ಖಳನಾಯಕನಾಗಿ ನಿಲ್ಲಿಸಲು ಒಬ್ಬ ಮನುಷ್ಯನೂ ಸಿಗುವುದಿಲ್ಲ. ಒಂದು ನಿಯಮ ಇದೆ, ಅಷ್ಟೆ. ನಿಯಮವನ್ನು ಕ್ಯಾಮೆರಾ ಮುಂದೆ ತರುವುದು ಕಷ್ಟ ನಿಜ. ಆದರೆ ಯುದ್ಧ ನೋಡಿ ಬಂದ ಪೈಲಟ್ ಒಬ್ಬಳು ಸಮವಸ್ತ್ರ ಮಡಿಸಿಟ್ಟು ಮನೆಗೆ ಬರುವ ದಿನ, ಅದೇ ಅಪ್ಪ ಅವಳಿಗೆ ಏನು ಹೇಳುತ್ತಿದ್ದ? ತ್ರಿಪಾಠಿಯಂಥ ನಟ ಕೈಯಲ್ಲಿದ್ದೂ ಆ ದೃಶ್ಯ ಬರೆಯಲಿಲ್ಲವಲ್ಲ ಎಂದು ನನಗೆ ಬೇಸರ.

ಅಲ್ಪಾವಧಿಯ ಮಹಿಳಾ ಅಧಿಕಾರಿಗಳಿಗೂ ಖಾಯಂ ಕಮಿಷನ್ ಕೊಡಬೇಕೆಂದು ದೆಹಲಿ ಹೈಕೋರ್ಟ್ ಹೇಳಿದ್ದು 2010ರಲ್ಲಿ. ಭೂಸೇನೆಯ ವಿಷಯದಲ್ಲಿ ಅದು ಸುಪ್ರೀಂ ಕೋರ್ಟಿನವರೆಗೆ ಎಳೆದಾಡಿ, ತೀರ್ಪು ಬಂದದ್ದು 2020ರ ಫೆಬ್ರವರಿ 17ರಂದು, ಚಿತ್ರ ಬಿಡುಗಡೆಗೆ ಆರು ತಿಂಗಳ ಮುಂಚೆ. ಆ ಮೊಕದ್ದಮೆಯಲ್ಲಿ ಸರ್ಕಾರ ಮುಂದಿಟ್ಟ ವಾದಗಳಲ್ಲಿ ಹೆಂಗಸರ ದೈಹಿಕ ಮಿತಿಗಳ ಮಾತೂ ಇತ್ತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೆಸ್ಸಿನ ಮೇಜಿನ ಮೇಲೆ ನಡೆಯದ ಪಂಜ ಕುಸ್ತಿ ಕೋರ್ಟಿನ ಕಾಗದಗಳಲ್ಲಿ ವರ್ಷಗಟ್ಟಲೆ ನಡೆದಿತ್ತು, ಬಲು ಸಭ್ಯ ಭಾಷೆಯಲ್ಲಿ.