ಬೂಬಿಯ ಮೊಣಕಾಲು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರ ಪ್ರವಾಸಕಥನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ರಾಶಿಗೆ ಇನ್ನೊಂದನ್ನು ಸೇರಿಸುವ ಆಸೆ ನನಗಿಲ್ಲ. ದಸರಾ ರಜೆಗೆ ಗಳಿಕೆ ರಜೆಯನ್ನು ಜೋಡಿಸಿಕೊಂಡು ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸಮೀಪದಲ್ಲಿರುವ ಮಗಳ ಮನೆಗೆ ನಾನೂ ಹೋಗಿದ್ದೆ. ಮಗುವಿಗೆ ಎಣ್ಣೆನೀರು ಹಾಕಿ, ಬಾಣಂತಿಗೆ ಮೆಣಸಿನ ಸಾರನ್ನ ಬಡಿಸಿ, ಇಬ್ಬರೂ ಮಲಗಿದ ಮೇಲೆ ಮಧ್ಯಾಹ್ನವೆಲ್ಲ ನನ್ನದೇ. ಆ ಮಧ್ಯಾಹ್ನಗಳಲ್ಲಿ ಓದಿದ ಒಂದು ಪುಸ್ತಕದ ವಿಷಯವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅದು ನನ್ನ ಕೈಗೆ ಬಂದ ಬಗೆಯೂ ವಿಚಿತ್ರವೇ. ಒಂದು ಶುಕ್ರವಾರ ಸಂಜೆ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. (ಅಲ್ಲಿ ಯಾರೂ ಹೊರಗೆ ಒಣಗಹಾಕುವುದಿಲ್ಲವೆಂದು ಮಗಳು ಆಕ್ಷೇಪಿಸುತ್ತಲೇ ಇದ್ದಳು, ಮಗುವಿನ ಬಟ್ಟೆಗೆ ಬಿಸಿಲು ತಾಗದಿದ್ದರೆ ನನಗೆ ಸಮಾಧಾನವಿಲ್ಲ.) ದೂರದಲ್ಲಿ ಆಕಾಶವೇ ಬೆಳ್ಳಗಾಗುವಷ್ಟು ದೀಪ, ಮೇಲೆ ನಗಾರಿಯ ಸದ್ದು. ಯಾವ ಜಾತ್ರೆಯಪ್ಪಾ ಎಂದು ಅಳಿಯನನ್ನು ಕೇಳಿದೆ. "ಜಾತ್ರೆಯಲ್ಲ ಅತ್ತೆ, ಹೈಸ್ಕೂಲ್ ಹುಡುಗರ ಫುಟ್‌ಬಾಲ್ ಮ್ಯಾಚು" ಎಂದ. ನಾನು ನಂಬಲಿಲ್ಲ. ನಮ್ಮಲ್ಲಿ ಹೈಸ್ಕೂಲ್ ಹುಡುಗರ ಮ್ಯಾಚಿಗೆ ಪಿ.ಟಿ. ಮೇಷ್ಟ್ರು, ನಾಲ್ಕು ಜನ ಹುಡುಗರ ಅಪ್ಪಂದಿರು ಮತ್ತು ಕಡಲೆಕಾಯಿಯವನು ಬಂದರೆ ದೊಡ್ಡದು. ಮುಂದಿನ ವಾರ ಆತನೇ ಕರೆದುಕೊಂಡು ಹೋಗಿ ತೋರಿಸಿದ. ಸಾವಿರಾರು ಜನ! ಕೈಗೂಸು ಎತ್ತಿಕೊಂಡ ತಾಯಂದಿರು, ಊರುಗೋಲಿನ ಮುದುಕರು, ನೂರಾರು ಮಕ್ಕಳ ಬ್ಯಾಂಡು. ಅಲ್ಲೇ ಹತ್ತಿರದ ಆಲನ್ ಎಂಬ ಊರಿನ ಹೈಸ್ಕೂಲಿಗೆ 2012ರಲ್ಲಿ ಸುಮಾರು ಆರು ಕೋಟಿ ಡಾಲರು ಸುರಿದು 18,000 ಜನ ಕೂರುವ ಕ್ರೀಡಾಂಗಣ ಕಟ್ಟಿದರಂತೆ. ಎರಡು ವರ್ಷ ತುಂಬುವುದರೊಳಗೆ ಕಾಂಕ್ರೀಟು ಬಿರುಕುಬಿಟ್ಟು ಬಾಗಿಲು ಹಾಕಿ, ರಿಪೇರಿ ಮಾಡಿ ಮತ್ತೆ ತೆರೆದರಂತೆ. ಕಾಮಗಾರಿಯ ವಿಷಯದಲ್ಲಿ ನಾವೇನೂ ಒಂಟಿಯಲ್ಲವೆಂದು ತಿಳಿದು ಸ್ವಲ್ಪ ಸಂತೋಷವೇ ಆಯಿತು.

"ಇಷ್ಟೆಲ್ಲ ಆಡಿ ಈ ಹುಡುಗರು ಮುಂದೆ ಏನಾಗುತ್ತಾರೆ?" ಎಂದು ಕೇಳಿದ್ದಕ್ಕೆ ಅಳಿಯ ಉತ್ತರವಾಗಿ ಗ್ರಂಥಾಲಯದಿಂದ ತಂದುಕೊಟ್ಟದ್ದು ಎಚ್.ಜಿ. ಬಿಸಿಂಜರ್ ಎಂಬ ಪತ್ರಕರ್ತರು ಬರೆದ 'ಫ್ರೈಡೇ ನೈಟ್ ಲೈಟ್ಸ್'. 1990ರಲ್ಲಿ ಪ್ರಕಟವಾದ ಪುಸ್ತಕ. 2004ರಲ್ಲಿ ಸಿನಿಮಾ ಆಯಿತು, 2006ರಿಂದ 2011ರವರೆಗೆ ಅದೇ ಹೆಸರಿನ ಧಾರಾವಾಹಿಯೂ ಬಂತು.

ಓದುವ ಮೊದಲು ಎರಡು ಮಾತು ತಿಳಿದಿರಬೇಕು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಸುಲಿದ ತೆಂಗಿನಕಾಯಿಯಂತಹ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಿನವರು ಕೆಡವುವುದರೊಳಗೆ ಆದಷ್ಟು ಗಜ ಮುಂದೆ ಓಡುವ ಆಟ. ಎರಡನೆಯದು, ಈ ಆಟದಲ್ಲಿ ಹಣ ಸಂಪಾದಿಸುವ ದಾರಿ ಕಾಲೇಜಿನ ಮೂಲಕವೇ ಹಾದುಹೋಗುತ್ತದೆ. ಹೈಸ್ಕೂಲಿನಲ್ಲಿ ಮಿಂಚಿದ ಹುಡುಗನಿಗೆ ವಿಶ್ವವಿದ್ಯಾಲಯಗಳ ತರಬೇತುದಾರರು ಕಾಗದ ಬರೆಯುತ್ತಾರೆ, ಮನೆಗೇ ಬರುತ್ತಾರೆ, ಫೀಸು, ವಸತಿ, ಊಟ ಎಲ್ಲವನ್ನೂ ಕೊಟ್ಟು ಕರೆದೊಯ್ಯುತ್ತಾರೆ. ಬಡವರ ಮನೆಯ ಹುಡುಗನಿಗೆ ಇದು ವರನನ್ನು ಹುಡುಕಿಕೊಂಡು ಹೆಣ್ಣಿನ ಕಡೆಯವರೇ ಬಂದ ಹಾಗೆ. ಹೈಸ್ಕೂಲಿನಲ್ಲಿ ಈ ಆಟ ಆಡುವವರು ಹತ್ತು ಲಕ್ಷದಷ್ಟು. ಕಾಲೇಜಿನಲ್ಲಿ ಆಡುವ ಅದೃಷ್ಟ ನೂರರಲ್ಲಿ ಸುಮಾರು ಏಳು ಜನಕ್ಕೆ. ಇದು ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯೇ ಕೊಟ್ಟ ಲೆಕ್ಕ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಮಾಡಬಹುದಾಗಿದೆ, 2025ರಿಂದ ಕಾಲೇಜೇ ನೇರವಾಗಿ ಕೊಡಬಹುದಾಗಿದೆ. ಆಸೆಯ ಬೆಲೆ ಇನ್ನೂ ಏರಿತೆಂದೇ ಅರ್ಥ.

ಬಿಸಿಂಜರ್ 1988ರಲ್ಲಿ ಹೆಂಡತಿ ಮಕ್ಕಳ ಸಮೇತ ಪಶ್ಚಿಮ ಟೆಕ್ಸಾಸಿನ ಒಡೆಸ್ಸಾ ಎಂಬ ಊರಿಗೆ ಹೋಗಿ, ಪರ್ಮಿಯನ್ ಹೈಸ್ಕೂಲ್ ತಂಡದ ಬೆನ್ನಿಗೆ ಬಿದ್ದು ಆ ಋತುವನ್ನೆಲ್ಲ ಬರೆದಿಟ್ಟರು. ತೈಲಬಾವಿಗಳ ಊರು. ಎಣ್ಣೆಯ ಬೆಲೆ ಕುಸಿದು ಅಂಗಡಿ ಮುಂಗಟ್ಟುಗಳು ಮುಚ್ಚಿಕೊಂಡಿದ್ದ ಕಾಲ. ಆದರೆ ಶುಕ್ರವಾರ ರಾತ್ರಿ 19,000 ಜನ ಹಿಡಿಸುವ ಕ್ರೀಡಾಂಗಣ ಮಾತ್ರ ಕಿಕ್ಕಿರಿಯುತ್ತಿತ್ತು. ಆ ವರ್ಷ ಊರಿನ ಕಣ್ಣೆಲ್ಲ ಜೇಮ್ಸ್ 'ಬೂಬಿ' ಮೈಲ್ಸ್ ಎಂಬ ಕಪ್ಪು ಹುಡುಗನ ಮೇಲೆ. ಚೆಂಡು ಹಿಡಿದು ಓಡುವವನು ಅವನೇ. ನೆಬ್ರಾಸ್ಕಾದಂತಹ ದೊಡ್ಡ ವಿಶ್ವವಿದ್ಯಾಲಯಗಳ ಕಾಗದಗಳು ಅವನ ಮನೆಯಲ್ಲಿ ರಾಶಿ ಬಿದ್ದಿದ್ದವು. ಅವನನ್ನು ಸಾಕಿದವರು ಚಿಕ್ಕಪ್ಪನಾದ ಎಲ್.ವಿ. ಆತ ಓದಿದ ಕಾಲದಲ್ಲಿ ಕಪ್ಪು ಮಕ್ಕಳ ಶಾಲೆ ಬೇರೆ, ಅಲ್ಲಿ ಫುಟ್‌ಬಾಲ್ ತಂಡವೇ ಇರಲಿಲ್ಲ. ತಾನು ಆಡಲಾಗದ ಆಟವನ್ನು ಮಗ ಆಡಲಿ ಎಂಬ ಚಿಕ್ಕಪ್ಪನ ಹಂಬಲವನ್ನು ಬಿಸಿಂಜರ್ ಬಹಳ ನಯವಾಗಿ, ಒಂದಿಷ್ಟೂ ಕುಹಕವಿಲ್ಲದೆ ಬರೆದಿದ್ದಾರೆ. ಪುಸ್ತಕದ ಅತ್ಯುತ್ತಮ ಪುಟಗಳು ಇವೇ.

ಋತು ಶುರುವಾಗುವುದಕ್ಕೂ ಮುಂಚೆ, ಲೆಕ್ಕಕ್ಕೇ ಬಾರದ ಒಂದು ಅಭ್ಯಾಸ ಪಂದ್ಯದಲ್ಲಿ, ಬೂಬಿಯ ಬೂಟು ಕೃತಕ ಹುಲ್ಲಿಗೆ ಸಿಕ್ಕಿಕೊಂಡು ಮೊಣಕಾಲು ತಿರುಚಿತು. ಅಷ್ಟೆ. ಆಪರೇಷನ್ ಆಯಿತು. ಕಾಗದಗಳು ಬರುವುದು ನಿಧಾನವಾಯಿತು. ಇನ್ನೊಬ್ಬ ಹುಡುಗ ಅವನ ಜಾಗದಲ್ಲಿ ಚೆನ್ನಾಗಿಯೇ ಓಡಿದ, ತಂಡ ಗೆಲ್ಲುತ್ತಾ ಹೋಯಿತು. ನಿನ್ನೆಯವರೆಗೆ ಮುದ್ದಿಸಿದ ಊರಿನಲ್ಲೇ, ಕಾಲು ಮುರಿದ ಕುದುರೆಗೆ ಏನು ಮಾಡುತ್ತಾರೋ ಇವನಿಗೂ ಅದನ್ನೇ ಮಾಡಿ ಎಂದು ನಕ್ಕವರಿದ್ದರಂತೆ. ಈ ಪುಟ ಓದಿದ ಮಧ್ಯಾಹ್ನ ನಾನು ಪುಸ್ತಕ ಮುಚ್ಚಿಟ್ಟು ಮಗುವಿನ ತೊಟ್ಟಿಲ ಪಕ್ಕ ಸುಮ್ಮನೆ ಕುಳಿತುಬಿಟ್ಟೆ.

ಬಿಸಿಂಜರ್ ಲೆಕ್ಕಪತ್ರಗಳನ್ನು ಬಿಚ್ಚುವ ಅಧ್ಯಾಯವನ್ನಂತೂ ಶಿಕ್ಷಕಿಯರೆಲ್ಲ ಓದಬೇಕು. ಹುಡುಗರ ಕ್ರೀಡಾ ವಿಭಾಗದ ಬ್ಯಾಂಡೇಜು, ಪಟ್ಟಿ, ಔಷಧಿಗೆ ವರ್ಷಕ್ಕೆ 6,750 ಡಾಲರು, ಇಂಗ್ಲಿಷ್ ವಿಭಾಗದ ಪಾಠೋಪಕರಣಗಳಿಗೆ 5,040. ತಂಡ ದೂರದ ಪಂದ್ಯಗಳಿಗೆ ಹೋಗುವುದು ಬಾಡಿಗೆ ವಿಮಾನದಲ್ಲಿ, ಆ ಖರ್ಚು ಸುಮಾರು 70,000. ಇಪ್ಪತ್ತು ವರ್ಷ ಸೇವೆಯಾದ, ಸ್ನಾತಕೋತ್ತರ ಪದವಿಯ ಇಂಗ್ಲಿಷ್ ಶಿಕ್ಷಕಿಗೆ ಸಂಬಳ 32,000, ತರಬೇತುದಾರರಿಗೆ 48,000 ಮತ್ತು ಓಡಾಡಲು ಹೊಸ ಕಾರು. ಇಲ್ಲಿ ನಾನು ಪುಟ್ಟದೊಂದು ಸೀಮೆಸುಣ್ಣದ ಪೆಟ್ಟಿಗೆಗೆ ಮೂರು ಸಲ ಇಂಡೆಂಟು ಬರೆದದ್ದನ್ನು ನೆನೆದುಕೊಂಡೆ.

ಆದರೆ ನನಗೆ ಪುಸ್ತಕದ ಮೇಲೆ ಒಂದು ಆಕ್ಷೇಪವಿರುವುದೂ ಇಲ್ಲಿಯೇ. ಶಿಕ್ಷಕರು ಬಡಪಾಯಿಗಳು, ಊರು ಕೆಟ್ಟದ್ದು ಎಂಬಲ್ಲಿಗೆ ಲೇಖಕರ ಮನಸ್ಸು ಬೇಗ ನಿಂತುಬಿಡುತ್ತದೆ. ಬೂಬಿ ಕಲಿಕೆಯಲ್ಲಿ ಹಿಂದುಳಿದವನೆಂದು ಗುರುತಾಗಿದ್ದವನು. ಅವನನ್ನು ಒಂದೊಂದೇ ತರಗತಿ ದಾಟಿಸಿದವರು ಯಾರು? ಊರಿನವರಲ್ಲ. ಹಾಜರಿ ಪುಸ್ತಕ ನಮ್ಮ ಕೈಯಲ್ಲಿರುತ್ತದೆ, ಕೆಂಪು ಪೆನ್ನೂ ನಮ್ಮ ಕೈಯಲ್ಲೇ.

ಇದೇ ಪುಸ್ತಕದಲ್ಲಿ ಬರುವ ಡಲ್ಲಾಸಿನ ಕಾರ್ಟರ್ ಹೈಸ್ಕೂಲಿನ ಪ್ರಸಂಗವನ್ನು ನೋಡಿ. ಟೆಕ್ಸಾಸಿನಲ್ಲಿ 1984ರಲ್ಲಿ ಒಂದು ಕಾನೂನು ಮಾಡಿದರು: ಯಾವುದೇ ವಿಷಯದಲ್ಲಿ 70 ಅಂಕ ಬಾರದ ವಿದ್ಯಾರ್ಥಿ ಮುಂದಿನ ಆರು ವಾರ ಆಡುವಂತಿಲ್ಲ. 1988ರಲ್ಲಿ ಕಾರ್ಟರ್ ತಂಡದ ಒಬ್ಬ ಒಳ್ಳೆಯ ಆಟಗಾರ ಬೀಜಗಣಿತದಲ್ಲಿ ಫೇಲಾದ. ಮೇಷ್ಟ್ರು ಕೊಟ್ಟ ಅಂಕವನ್ನು ಮುಖ್ಯೋಪಾಧ್ಯಾಯರು ತಿದ್ದಿಸಿದರು. ವಿಷಯ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಕಾರ್ಟರ್ ತಂಡ ಸೆಮಿಫೈನಲಿನಲ್ಲಿ ಪರ್ಮಿಯನನ್ನು 14–9ರಿಂದ ಸೋಲಿಸಿ, ರಾಜ್ಯದ ಕಪ್ಪನ್ನೂ ಗೆದ್ದಿತು. ಬೀಜಗಣಿತದ ಮೇಷ್ಟ್ರಿಗೆ ಆ ಶಾಲೆಯಿಂದಲೇ ಎತ್ತಂಗಡಿ. ಮುಂದೆ 1991ರಲ್ಲಿ ಆ ಕಪ್ಪನ್ನು ಕಿತ್ತುಕೊಂಡರು. ಅದಕ್ಕೂ ಮೊದಲೇ, 1989ರಲ್ಲಿ, ಆ ಹುಡುಗನೂ ತಂಡದ ಇನ್ನು ಕೆಲವರೂ ದರೋಡೆ ಮಾಡಿ ಸಿಕ್ಕಿಬಿದ್ದು ದೀರ್ಘ ಜೈಲುಶಿಕ್ಷೆಗೆ ಗುರಿಯಾದರು. ಒಬ್ಬನಂತೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಆಡಲು ಸಹಿ ಹಾಕಿಯಾಗಿತ್ತು.

ಈ ಪ್ರಸಂಗ ನನ್ನನ್ನು ಏಕೆ ಚುಚ್ಚಿತೆಂದು ಹೇಳಿಯೇಬಿಡುತ್ತೇನೆ. 2003ರ ಮಾತು. ನಾನು ಆಗ ಇದ್ದ ಶಾಲೆಯಲ್ಲಿ ಕಬಡ್ಡಿ ಆಡುವ ಹುಡುಗನೊಬ್ಬ ಒಂಬತ್ತನೇ ತರಗತಿಯಲ್ಲಿದ್ದ. ಹೊಲಿದುಕೊಂಡ ಚಡ್ಡಿ, ಬರಿಗಾಲು. ರೈಡಿಗೆ ಹೋದರೆ ಮೂರು ಜನರನ್ನು ಮುಟ್ಟಿ ಬರುವವನು. ಜಿಲ್ಲಾ ಕೇಂದ್ರದ ಪಿ.ಯು. ಕಾಲೇಜಿನವರು ಅವನನ್ನು ನೋಡಿ, ಎಸ್.ಎಸ್.ಎಲ್.ಸಿ. ಮುಗಿಸಿಕೊಂಡು ಬಾ, ಹಾಸ್ಟೆಲಿನಲ್ಲಿ ಸೀಟು ನಮ್ಮದು ಎಂದಿದ್ದರು. ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಇಂಗ್ಲಿಷಿನಲ್ಲಿ ಅವನಿಗೆ ಬಂದದ್ದು 19. ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಬಾಗಿಲ ಬಳಿಯೇ ನಿಂತರು. "ಮೇಡಂ, ಅವನ ಜೀವನದ ಪ್ರಶ್ನೆ" ಎಂದರು. ನಾನು 35 ಮಾಡಿದೆ. ಆ ದಿನ ಪುಣ್ಯದ ಕೆಲಸ ಮಾಡಿದಷ್ಟು ಹಗುರಾಗಿ ಮನೆಗೆ ಹೋದೆ. ಹತ್ತನೇ ತರಗತಿಯಲ್ಲಿ ಅವನು ವಿಭಾಗ ಮಟ್ಟದವರೆಗೆ ಆಡಿದ, ಮೈದಾನದಲ್ಲೇ ವರ್ಷ ಕಳೆದ. ಬೋರ್ಡ್ ಪರೀಕ್ಷೆಯಲ್ಲಿ ಫೇಲಾದದ್ದು ಒಂದೇ ವಿಷಯ, ಇಂಗ್ಲಿಷ್. ಪೂರಕ ಪರೀಕ್ಷೆಯಲ್ಲೂ ಆಗಲಿಲ್ಲ. ಆ ಹದಿನಾರು ಅಂಕ ಕೊಡುವುದಕ್ಕೆ ನನಗೆ ಅರ್ಧ ನಿಮಿಷ ಹಿಡಿದಿತ್ತು. ಅದನ್ನು ಕಲಿಸಲು ಬೇಕಾಗಿದ್ದ ಬೇಸಿಗೆ ರಜೆಯ ಎರಡು ತಿಂಗಳನ್ನು ನಾನು ಕೊಡಲಿಲ್ಲ, ತವರಿಗೆ ಹೋಗಿದ್ದೆ. ಈಗ ಅವನು ಗೂಡ್ಸ್ ಟೆಂಪೋ ಓಡಿಸುತ್ತಾನೆ. ಕಂಡಾಗಲೆಲ್ಲ ಗಾಡಿ ನಿಲ್ಲಿಸಿ "ಚೆನ್ನಾಗಿದ್ದೀರಾ ಮೇಡಂ" ಎಂದು ಮಾತನಾಡಿಸುತ್ತಾನೆ.

ಹೀಗಾಗಿ ಬಿಸಿಂಜರ್ ಅವರು ಕಾರ್ಟರ್ ಪ್ರಸಂಗವನ್ನು ಆಟದ ಹುಚ್ಚಿನ ಉದಾಹರಣೆಯಾಗಿ ಬರೆದಾಗ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಂಕ ತಿದ್ದುವವರಲ್ಲಿ ಹುಚ್ಚರಿಗಿಂತ ಕರುಣೆಯುಳ್ಳವರೇ ಹೆಚ್ಚಿರಬಹುದು. ಆ ಕರುಣೆ ಎಲ್ಲಿ ತಪ್ಪುತ್ತದೆಂದು ಅವರು ಕೇಳುವುದಿಲ್ಲ. ಪರ್ಮಿಯನ್ ತಂಡದಲ್ಲೇ ಬ್ರಯನ್ ಚಾವೆಜ್ ಎಂಬ ಇನ್ನೊಬ್ಬ ಹುಡುಗನಿದ್ದ, ತರಗತಿಗೇ ಮೊದಲಿಗ, ಹಾರ್ವರ್ಡಿಗೆ ಹೋದ. ಅಲ್ಲಿ ಫುಟ್‌ಬಾಲನ್ನು ಸ್ವಲ್ಪ ದಿನ ಆಡಿ ಬಿಟ್ಟುಬಿಟ್ಟ. ಬಿಟ್ಟರೂ ಅವನಿಗೆ ಏನೂ ಆಗಲಿಲ್ಲ. ಒಂದೇ ತಂಡದ ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡುವ ಅವಕಾಶ ಲೇಖಕರಿಗಿತ್ತು, ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬಹುದಿತ್ತು.

ಹೆಣ್ಣುಮಕ್ಕಳ ವಿಷಯ. ಶಾಲೆಯಲ್ಲಿ ಪೆಪೆಟ್ಸ್ ಎಂಬ ಹುಡುಗಿಯರ ಗುಂಪಿದೆ. ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ಹುಡುಗಿಯನ್ನು ಗೊತ್ತುಮಾಡುತ್ತಾರೆ. ಅವಳು ಅವನಿಗೆ ಕೇಕು, ಕುಕ್ಕಿ ಮಾಡಿ ತಂದುಕೊಡಬೇಕು, ಅವನ ಹೆಸರಿನ ಫಲಕ ಬರೆದು ಅವನ ಮನೆಯ ಮುಂದೆ ನೆಡಬೇಕು. ಓದಿ ನನಗೆ ನಗು ಬಂತು, ಕೋಪವೂ ಬಂತು. ಅಮೆರಿಕದ ಹುಡುಗಿಯರ ಸ್ವಾತಂತ್ರ್ಯದ ಬಗ್ಗೆ ನಾವು ಇಲ್ಲಿ ಕೇಳಿ ಬೆರಗಾಗುತ್ತೇವಲ್ಲ! ಬಿಸಿಂಜರ್ ಇದನ್ನು ಗಮನಿಸಿ, ಖಂಡಿಸಿ, ಮುಂದೆ ಹೋಗುತ್ತಾರೆ. ಆ ಹುಡುಗಿಯರ ಮನಸ್ಸಿನೊಳಗೆ ಎಲ್.ವಿ.ಯ ಮನಸ್ಸನ್ನು ಹೊಕ್ಕಷ್ಟು ತಾಳ್ಮೆಯಿಂದ ಹೊಗುವುದಿಲ್ಲ.

ಸಿನಿಮಾವನ್ನು ಮಗುವಿಗೆ ನಿದ್ದೆ ಬಂದ ಒಂದು ರಾತ್ರಿ ಮನೆಯಲ್ಲೇ ನೋಡಿದೆವು. ನಿರ್ದೇಶಕ ಪೀಟರ್ ಬರ್ಗ್ ಲೇಖಕರ ಸೋದರಸಂಬಂಧಿಯೇ. ಆದರೂ ಪುಸ್ತಕಕ್ಕೆ ನಿಷ್ಠವಾಗಿಲ್ಲ. ಬೂಬಿಯ ಕಾಲು ಅಭ್ಯಾಸ ಪಂದ್ಯದ ಬದಲು ತುಂಬಿದ ಕ್ರೀಡಾಂಗಣದಲ್ಲಿ ಮುರಿಯುತ್ತದೆ, ಸೆಮಿಫೈನಲ್ ಹೋಗಿ ಫೈನಲ್ ಆಗುತ್ತದೆ, 14–9 ಹೋಗಿ 34–28 ಆಗುತ್ತದೆ, ಗೆಲುವು ಗೆರೆಯ ಬುಡದಲ್ಲಿ ತಪ್ಪುತ್ತದೆ. ಸೋಲನ್ನೂ ಸುಂದರವಾಗಿ ಮಾಡಿಬಿಟ್ಟಿದ್ದಾರೆ. ಬೀಜಗಣಿತದ ಮೇಷ್ಟ್ರನ್ನು ಪೂರ್ತಿ ಬಿಟ್ಟೇಬಿಟ್ಟಿದ್ದಾರೆ. ಒಂದು ದೃಶ್ಯಕ್ಕೆ ಮಾತ್ರ ಎಲ್ಲವನ್ನೂ ಕ್ಷಮಿಸಬಹುದು. ಬೂಬಿ ತನ್ನ ಸಾಮಾನೆಲ್ಲ ಖಾಲಿ ಮಾಡಿಕೊಂಡು ಬಂದು ಚಿಕ್ಕಪ್ಪನ ಕಾರಿನಲ್ಲಿ ಕುಳಿತು, ಇದೊಂದನ್ನು ಬಿಟ್ಟು ನನಗೇನೂ ಬಾರದಲ್ಲ ಎಂದು ಅಳುತ್ತಾನೆ. ಡೆರೆಕ್ ಲ್ಯೂಕ್ ಎಂಬ ನಟ. ಆ ಅಳು ನಟನೆಯೆನಿಸುವುದಿಲ್ಲ.

ಧಾರಾವಾಹಿಯ ಊರು, ಜನ ಎಲ್ಲ ಕಲ್ಪಿತ. ಆದರೆ ಅದರಲ್ಲಿ ತರಬೇತುದಾರನ ಹೆಂಡತಿ ಅದೇ ಶಾಲೆಯಲ್ಲಿ ಕೆಲಸ ಮಾಡುವವಳು, ಮುಂದೆ ಮುಖ್ಯೋಪಾಧ್ಯಾಯಿನಿಯೂ ಆಗುತ್ತಾಳೆ. ಕ್ರೀಡಾಂಗಣದ ಭಾರೀ ಪರದೆಗೆಂದು ಬಂದ ದೇಣಿಗೆಯನ್ನು ಪಾಠದ ಕಡೆಗೆ ತಿರುಗಿಸಲು ಹೋಗಿ ಊರಿನ ದೊಡ್ಡವರ ಕೋಪಕ್ಕೆ ಸಿಲುಕುತ್ತಾಳೆ. ಪುಸ್ತಕದಲ್ಲಿ ನಾನು ಹುಡುಕುತ್ತಿದ್ದವಳು ಇವಳೇ. ಎಲ್ಲ ಕಂತುಗಳನ್ನೂ ನೋಡುವಷ್ಟು ರಜೆ ನನಗಿರಲಿಲ್ಲ.

ಪುಸ್ತಕ ಬಂದಾಗ ಒಡೆಸ್ಸಾದ ಜನ ಕೆರಳಿ ಬೆದರಿಕೆ ಹಾಕಿದ್ದರಿಂದ ಬಿಸಿಂಜರ್ ಅಲ್ಲಿಗೆ ಹೋಗುವ ಕಾರ್ಯಕ್ರಮವನ್ನೇ ರದ್ದು ಮಾಡಬೇಕಾಯಿತು. ಬೂಬಿ ಒಂದು ಸಣ್ಣ ಜೂನಿಯರ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಆಡಿದ. ದೊಡ್ಡ ಕಾಲೇಜಿನ ಮೈದಾನ ಅವನಿಗೆ ದಕ್ಕಲಿಲ್ಲ. ಲೇಖಕರು ಅವನ ಸಂಬಂಧವನ್ನು ಬಿಡಲಿಲ್ಲ, 2012ರಲ್ಲಿ ಅವನ ಮುಂದಿನ ಬದುಕಿನ ಬಗ್ಗೆಯೇ ಒಂದು ಪುಟ್ಟ ಪುಸ್ತಕ ಬರೆದರು. ಇಪ್ಪತ್ತು ವರ್ಷದ ಮೇಲೂ ತನ್ನ ಕಥೆಯ ಹುಡುಗನನ್ನು ಹುಡುಕಿಕೊಂಡು ಹೋಗುವ ಪತ್ರಕರ್ತರನ್ನು ನಾನು ಹೆಚ್ಚು ಕಂಡಿಲ್ಲ. ಅದಕ್ಕಾಗಿ ನನ್ನ ಆಕ್ಷೇಪಗಳಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇಂಗ್ಲಿಷ್ ಓದುವ ಅಭ್ಯಾಸವಿರುವವರು ಮೊದಲು ಪುಸ್ತಕವನ್ನೇ ಓದಿ, ಸಿನಿಮಾ ಆಮೇಲೆ ನೋಡಬಹುದು. ಪಂದ್ಯದ ವರ್ಣನೆಗಳು ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಪುಟ ಮಗುಚಿ, ನಾನೂ ಹಾಗೆಯೇ ಮಾಡಿದೆ.