ಬಣ್ಣದ ಗಾಜು ಮತ್ತು ವೀತರಾಗನ ಮುಖ

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯಿಂದ ಶ್ರೀರಂಗಪಟ್ಟಣದ ಆದಿನಾಥ ಬಸದಿಯವರೆಗೆ ನಮ್ಮ ಸೀಮೆಯ ಪ್ರಾಚೀನ ಜಿನಾಲಯಗಳು ಕಲ್ಲಿನ ಕಟ್ಟಡಗಳು. ಈಚೆಗೆ ಹೊಸ ಬಸದಿಗಳನ್ನು ಕಟ್ಟಿಸುವಾಗಲೂ ಹಳೆಯವನ್ನು ಜೀರ್ಣೋದ್ಧಾರ ಮಾಡಿಸುವಾಗಲೂ ಬಣ್ಣದ ಗಾಜಿನ ಕಿಟಕಿ ಬೇಕು, ಗಾಜಿನ ಚೂರುಗಳ ಮೊಸಾಯಿಕ್ ಗೋಡೆ ಬೇಕು ಎಂಬ ಅಪೇಕ್ಷೆ ಆಡಳಿತ ಮಂಡಳಿಗಳಲ್ಲಿ ಕೇಳಿಬರುತ್ತದೆ. ದಾನಿಗಳೂ ದೊರೆಯುತ್ತಾರೆ, ಗಾಜಿನ ಅಂಚಿನಲ್ಲಿ ಹೆಸರು ಬರೆಸಲು ಸ್ಥಳವೂ ದೊರೆಯುತ್ತದೆ. ಈ ಕಲೆಯ ಗುಣವೇನು, ಜಿನಾಲಯದಲ್ಲಿ ಅದಕ್ಕೆ ಸಲ್ಲುವ ಸ್ಥಾನವೆಲ್ಲಿ ಎಂಬುದನ್ನು ಹಣ ವೆಚ್ಚವಾಗುವ ಮುನ್ನವೇ ವಿಚಾರಿಸುವುದು ಯುಕ್ತ.

ಮೊದಲು ಕಲೆಯ ಸ್ವರೂಪ. ಗಾಜು ಕರಗಿರುವಾಗ ಲೋಹದ ಭಸ್ಮಗಳನ್ನು ಬೆರೆಸಿದರೆ ಬಣ್ಣ ಬರುತ್ತದೆ: ಕೋಬಾಲ್ಟಿನಿಂದ ನೀಲಿ, ಮ್ಯಾಂಗನೀಸಿನಿಂದ ನೇರಳೆ, ಚಿನ್ನದಿಂದ ಕೆಂಪು. ಹಾಗೆ ಪಡೆದ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಬಂಧಿಸಿ ಚಿತ್ರ ರಚಿಸುತ್ತಾರೆ. ಮೊಸಾಯಿಕ್ ಎಂದರೆ ನಮ್ಮ ಮನೆಗಳಲ್ಲಿ ಸಿಮೆಂಟಿಗೆ ಕಲ್ಲಿನ ಚೂರು ಬೆರೆಸಿ ಉಜ್ಜಿದ ನೆಲವೆಂದೇ ಬಹುಮಂದಿ ತಿಳಿದಿದ್ದಾರೆ. ಮೂಲ ಕಲೆಯಲ್ಲಿ ಕಲ್ಲು ಅಥವಾ ಗಾಜಿನ ಪ್ರತಿ ಚೂರನ್ನೂ ಕೈಯಿಂದಲೇ ಗಾರೆಯಲ್ಲಿ ಕೂರಿಸಬೇಕು. ಎರಡಕ್ಕೂ ಒಂದು ಭೇದವುಂಟು. ಮೊಸಾಯಿಕ್ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಬಣ್ಣದ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ತನ್ನ ಬಣ್ಣವನ್ನು ಅದಕ್ಕೆ ಹಚ್ಚಿಯೇ ಬಿಡುತ್ತದೆ. ಮುಂದಿನ ವಿಚಾರವೆಲ್ಲ ಈ ಭೇದವನ್ನು ಅವಲಂಬಿಸಿದೆ.

ನಮ್ಮ ನೆರೆಯಲ್ಲಿಯೇ ಇರುವ ಶ್ರೇಷ್ಠ ನಿದರ್ಶನ ಮೈಸೂರು ಅರಮನೆಯ ಕಲ್ಯಾಣ ಮಂಟಪ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಅದರ ಅಷ್ಟಕೋನದ ಮಂಟಪದ ಮೇಲೆ ಗ್ಲಾಸ್ಗೋ ನಗರದಲ್ಲಿ ತಯಾರಾದ ನವಿಲಿನ ಚಿತ್ರಗಳ ಗಾಜಿನ ಛಾವಣಿಯಿದೆ. ಕೆಳಗಿನ ನೆಲದಲ್ಲಿಯೂ ನವಿಲಿನ ವಿನ್ಯಾಸವೇ. ಮದುವೆ, ಉತ್ಸವ, ಒಡ್ಡೋಲಗಗಳಿಗೆ ಇದಕ್ಕಿಂತ ಒಪ್ಪುವ ಬೆಳಕು ಬೇರೊಂದಿಲ್ಲ. ಅಲ್ಲಿ ಸೇರುವವರು ಅಲಂಕೃತರು, ಬೆಳಕೂ ಅಲಂಕೃತ. ಕಲೆಯೂ ಸ್ಥಳವೂ ಪರಸ್ಪರ ಒಪ್ಪಿವೆ.

ಜೈನರೇ ಗಾಜಿನ ಮಂದಿರಗಳನ್ನು ಕಟ್ಟಿಸಿಲ್ಲವೇ ಎಂದು ಕೇಳಬಹುದು. ಕಟ್ಟಿಸಿದ್ದಾರೆ. ಕೋಲ್ಕತ್ತದಲ್ಲಿ ರಾಯ್ ಬದ್ರಿದಾಸರು 1867ರಲ್ಲಿ ಕಟ್ಟಿಸಿದ ಶೀತಲನಾಥ ಮಂದಿರ ಕನ್ನಡಿ ಚೂರು ಮತ್ತು ಬಣ್ಣದ ಗಾಜುಗಳ ಕೆಲಸಕ್ಕೆ ಪ್ರಸಿದ್ಧ. ಅದು ಶ್ವೇತಾಂಬರ ಮಂದಿರ. ಬಿಂಬಕ್ಕೆ ಆಭರಣ ತೊಡಿಸಿ ಪೂಜಿಸುವ ಸಂಪ್ರದಾಯಕ್ಕೆ ಆ ವೈಭವ ಸಹಜ. ಇಂದೋರಿನಲ್ಲಿ ಸೇಠ್ ಹುಕುಮ್‌ಚಂದರು ಕಟ್ಟಿಸಿದ ಕಾಂಚ್ ಮಂದಿರ ದಿಗಂಬರರದು. ಅಲ್ಲಿ ಗೋಡೆ, ಕಂಬ, ಛಾವಣಿಗಳೆಲ್ಲ ಗಾಜುಮಯ. ಆದರೆ ಕನ್ನಡಿ ಜಿನಬಿಂಬವನ್ನು ಪ್ರತಿಬಿಂಬಿಸಿ ಹಲವಾಗಿ ತೋರಿಸುತ್ತದೆಯೇ ಹೊರತು ಬಿಂಬದ ಮೇಲೆ ಬಣ್ಣ ಚೆಲ್ಲುವುದು ಕನ್ನಡಿಯ ಗುಣವಲ್ಲ. ಈ ವಿವೇಚನೆಯಿಲ್ಲದೆ, ಅಲ್ಲಿದೆಯಾದ್ದರಿಂದ ಇಲ್ಲಿಯೂ ಇರಲಿ ಎನ್ನುವುದು ಅನುಕರಣೆ ಮಾತ್ರ.

ಇದನ್ನು ನಾನು ತಡವಾಗಿ ಕಲಿತೆ. ಹಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ನಾನೂ ಇದ್ದೆ. ವ್ಯಾಪಾರಿಯಾದ್ದರಿಂದ ದರಪಟ್ಟಿಗಳನ್ನು ತರಿಸಿದವನೂ, ಪಶ್ಚಿಮದ ಕಂಡಿಗಳಿಗೆ ಬಣ್ಣದ ಗಾಜು ಹಾಕಿಸೋಣವೆಂದು ವಾದಿಸಿದವನೂ ನಾನೇ. ಕೆಲಸ ಮುಗಿದ ಸಂಜೆ ಇಳಿಬಿಸಿಲು ಒಳಗೆ ಬಿತ್ತು. ಸ್ವಾಮಿಯ ಎದೆಯ ಮೇಲೆ ಕೆಂಪು, ಮುಖದ ಅರ್ಧಕ್ಕೆ ನೀಲಿ. ನಾವೆಲ್ಲ ಸಂತೋಷಪಟ್ಟೆವು. ಒಬ್ಬ ವೃದ್ಧ ಶ್ರಾವಿಕೆ ಮಾತ್ರ ಕೈಮುಗಿದು ನಿಂತು, "ಸ್ವಾಮಿಯ ಮುಖಕ್ಕೆ ಬಣ್ಣ ಹಚ್ಚಿಸಿದವರು ಯಾರಪ್ಪಾ?" ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ಮರುವರ್ಷ ಇನ್ನೊಂದು ದೋಷವೂ ಕಂಡಿತು. ಗಾಳಿಯಾಡುತ್ತಿದ್ದ ಕಂಡಿಗಳು ಮುಚ್ಚಿದ್ದರಿಂದ ಅಭಿಷೇಕದ ತೇವ ಒಳಗೇ ನಿಂತು ಗೋಡೆಯಲ್ಲಿ ಪಾಚಿ ಹಿಡಿಯಿತು. ಲೆಕ್ಕಪತ್ರದಲ್ಲಿ ಗಾಜಿನ ಬೆಲೆ ಬರೆದಿದ್ದೆ; ಈ ನಷ್ಟವನ್ನು ಬರೆಯಲು ಅಂಕಣವಿರಲಿಲ್ಲ.

ಆ ತಾಯಿಯ ಪ್ರಶ್ನೆ ಶಾಸ್ತ್ರಸಮ್ಮತವಾದದ್ದು. ಆಚಾರ್ಯ ಕುಂದಕುಂದರ ಸಮಯಸಾರದಲ್ಲಿ ಸ್ಫಟಿಕದ ದೃಷ್ಟಾಂತವಿದೆ. ಸ್ಫಟಿಕ ಸ್ವಭಾವತಃ ನಿರ್ಮಲ; ಕೆಂಪು ವಸ್ತುವಿನ ಸಂಗದಿಂದ ಕೆಂಪಾಗಿ ತೋರುತ್ತದೆ. ಜೀವಕ್ಕೆ ರಾಗಾದಿಗಳು ತೋರುವುದೂ ಹಾಗೆಯೇ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲಗಳೆಂದು ಲೇಶ್ಯೆಗಳಿಗೂ ಬಣ್ಣದ ಹೆಸರುಗಳನ್ನಿಟ್ಟವರು ನಮ್ಮ ಆಚಾರ್ಯರು. ರಾಗವನ್ನು ಕಳೆದುಕೊಂಡವನ ಬಿಂಬಕ್ಕೆ ವಸ್ತ್ರವನ್ನೂ ಆಭರಣವನ್ನೂ ತೊಡಿಸದ ನಾವು ಬೆಳಕಿನ ಮೂಲಕ ಬಣ್ಣವನ್ನು ತೊಡಿಸುವುದು ಹೇಗೆ ಸರಿ? ಹಲವು ಬಣ್ಣಗಳ ಗಾಜು ಅನೇಕಾಂತದ ಸಂಕೇತವೆಂದು ಸಮರ್ಥಿಸುವವರುಂಟು. ಆದರೆ ನೀಲಿ ಗಾಜಿನ ಹಿಂದೆ ನಿಂತವನಿಗೆ ಲೋಕವೆಲ್ಲ ನೀಲಿಯೇ. ಅದು ಏಕಾಂತಕ್ಕೆ ತಕ್ಕ ಉಪಮೆ.

ಹಾಗಾದರೆ ಬೆಳಕನ್ನು ಕಲೆಯಾಗಿಸುವ ಮಾರ್ಗ ನಮ್ಮಲ್ಲಿಲ್ಲವೇ? ನಾಗಮಂಗಲದ ನೆರೆಯ ಶ್ರವಣಬೆಳಗೊಳದ ಚಂದ್ರಗಿರಿಯನ್ನು ಹತ್ತಿ ನೋಡಬೇಕು. ಚಂದ್ರಗುಪ್ತ ಬಸದಿಯ ಬಾಗಿಲಿನ ಎರಡು ಪಕ್ಕಗಳಲ್ಲಿ 12ನೆಯ ಶತಮಾನದ ಶಿಲ್ಪಿ ದಾಸೋಜನು ಕಡೆದ ಜಾಲಂಧ್ರಗಳಿವೆ. ಭದ್ರಬಾಹು ಸ್ವಾಮಿಗಳ ಹಾಗೂ ಚಂದ್ರಗುಪ್ತನ ಚರಿತ್ರೆ ಅಲ್ಲಿ 90 ಚಿಕ್ಕ ದೃಶ್ಯಗಳಲ್ಲಿ ಮೂಡಿದೆ. ರಂಧ್ರಗಳಿಂದ ಗಾಳಿಯೂ ಬೆಳಕೂ ಒಳಗೆ ಬರುತ್ತವೆ. ಗಾಜಿನ ಚಿತ್ರದಂತೆ ಅದೂ ಕಥೆ ಹೇಳುತ್ತದೆ, ಆದರೆ ಬೆಳಕಿಗೆ ಬಣ್ಣ ಹಚ್ಚುವುದಿಲ್ಲ. ಪಕ್ಕದಲ್ಲಿಯೇ ಗಂಗರಾಜನು ತಾಯಿ ಪೋಚವ್ವೆಗಾಗಿ ಕಟ್ಟಿಸಿದ ಬಸದಿಯಿದೆ. ಒಳಗೆ ಕತ್ತಲೆಯಿರುವುದರಿಂದ ಜನ ಅದನ್ನು ಕತ್ತಲೆ ಬಸದಿಯೆಂದೇ ಕರೆದರು. ಭಕ್ತಿಗೆ ಅದರಿಂದ ಕೊರತೆಯಾಗಲಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ನವರಂಗದಲ್ಲಿಯೂ ಚರಕಿಯಲ್ಲಿ ತಿರುಗಿಸಿ ನುಣುಪು ಮಾಡಿದ ಕಂಬಗಳು ಮಂದ ಬೆಳಕಿನಲ್ಲಿಯೇ ಹೊಳೆಯುತ್ತವೆ.

ಆದುದರಿಂದ ಧರ್ಮದರ್ಶಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಬಣ್ಣದ ಗಾಜನ್ನು ಪ್ರವಚನ ಮಂದಿರದಲ್ಲಿ, ಕಲ್ಯಾಣ ಮಂಟಪದಲ್ಲಿ ಧಾರಾಳವಾಗಿ ಬಳಸಿರಿ. ಕುಶಲ ಕೆಲಸಗಾರನಿಗೆ ಯೋಗ್ಯ ಸಂಭಾವನೆ ಕೊಡಿರಿ. ಮೊಸಾಯಿಕ್ ಹೊರಾಂಗಣಕ್ಕೆ ಶೋಭೆ ತರಲಿ. ಕಾಲಿಟ್ಟು ನಡೆಯುವ ನೆಲದಲ್ಲಿ ಮಾತ್ರ ಪವಿತ್ರ ಚಿಹ್ನೆಗಳು ಬೇಡ. ಗರ್ಭಗೃಹಕ್ಕೂ ಸುಕನಾಸಿಗೂ ಬಣ್ಣವಿಲ್ಲದ ಬೆಳಕೇ ಇರಲಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು. ಹಳೆಯ ಬಸದಿಯಲ್ಲಿ ಯಾವ ಕಾಲದಲ್ಲೋ ಇಟ್ಟಿಗೆಯಿಂದ ಮುಚ್ಚಿದ ಜಾಲಂಧ್ರವಿದ್ದರೆ, ಹೊಸ ಗಾಜಿಗೆ ಮುಂಗಡ ಕೊಡುವ ಮುನ್ನ ಅದನ್ನು ಬಲ್ಲವರಿಂದ ತೆರೆಸಿರಿ. ದಾನಿಯ ಹೆಸರು ಬರೆಸಲು ಅಲ್ಲಿ ಜಾಗವಿರುವುದಿಲ್ಲ ನಿಜ. ಆದರೆ ಸ್ವಾಮಿಯ ಮುಖ ಇದ್ದಂತೆಯೇ ಕಾಣುತ್ತದೆ.