ಚಳಿಗೂ ಹೆಪ್ಪುಗಟ್ಟದ ಕುಸುಬಿ ಎಣ್ಣೆ

ಕುಸುಬಿಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಜೊತೆಗೆ ಬೆಳೆದು ಬಂದ ಮುಳ್ಳುಬೆಳೆ. ಅದರ ಎಣ್ಣೆಯ ದೊಡ್ಡ ಗುಣವೆಂದರೆ ಪುಷ್ಯದ ಚಳಿಯಲ್ಲೂ ತೆಳ್ಳಗೆ ಹರಿಯುವುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುತ್ತದೆ.

ಕಾರಣ ಅಣುಗಳ ಆಕಾರ. ಎಣ್ಣೆ, ಕೊಬ್ಬುಗಳಲ್ಲಿರುವ ಸ್ಟಿಯರಿಕ್, ಒಲಿಯಿಕ್, ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲಗಳಲ್ಲಿ ಇಂಗಾಲದ ಪರಮಾಣುಗಳು ತಲಾ 18. ಕರಗುವ ಬಿಂದು ಮಾತ್ರ ಸುಮಾರು 69, 13 ಮತ್ತು ಮೈನಸ್ 5 ಡಿಗ್ರಿ. ಸ್ಟಿಯರಿಕ್‌ನ ನೆಟ್ಟನೆಯ ಸರಪಳಿಗಳು ಒತ್ತಾಗಿ ಕೂಡುವುದರಿಂದ ಪರಸ್ಪರ ಸೆಳೆತ ಬಲವಾಗುತ್ತದೆ. ಒಲಿಯಿಕ್‌ನಲ್ಲಿ ಒಂದು, ಲಿನೋಲಿಯಿಕ್‌ನಲ್ಲಿ ಎರಡು ದ್ವಿಬಂಧ. ದ್ವಿಬಂಧವಿರುವಲ್ಲಿ ಸರಪಳಿ ಬಾಗುತ್ತದೆ. ಸೊಟ್ಟ ಜಾಲಿಕಟ್ಟಿಗೆ ಒಟ್ಟಿದಂತೆ ನಡುವೆ ಸಂದು ಉಳಿದು ಸೆಳೆತ ಸಡಿಲವಾಗುತ್ತದೆ. ಸಾಂಪ್ರದಾಯಿಕ ಕುಸುಬಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿನೋಲಿಯಿಕ್.

ಕುದಿಯುವ ವಿಷಯ ಬೇರೆ. ಪುಟ್ಟ ನೀರಿನ ಅಣುಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಟ್ಟಿರುವುದರಿಂದ ನೀರು 100 ಡಿಗ್ರಿಯವರೆಗೆ ತಾಳುತ್ತದೆ. ಎಣ್ಣೆಯಲ್ಲಿ ಒಂದೊಂದು ಸೆಳೆತ ದುರ್ಬಲ, ಆದರೆ ಅಣು ಉದ್ದ. ಎಲ್ಲ ಸೆಳೆತಗಳೂ ಕೂಡಿದಾಗ ಹಿಡಿತ ಎಷ್ಟು ಬಲವೆಂದರೆ, ಕುದಿಯುವ ಮೊದಲೇ ಎಣ್ಣೆ ಹೊಗೆಯಾಡಿ ಒಡೆಯುತ್ತದೆ. ಭಜಿ ಬಿಟ್ಟಾಗ ಬಾಣಲೆಯಲ್ಲಿ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರಿನ ಆವಿ.